ಇಂಗ್ಲಿಷ್‌ನಲ್ಲಿ 'ಪಿ-ಟಿ'ಯಿಂದ ಶುರುವಾಗುವ ಅಪರೂಪದ ಪದಗಳು ಯಾವುವು? ಅವುಗಳ ಅರ್ಥವೇನು?

ಇವು ಬಹುತೇಕ ಗ್ರೀಕ್ ಮೂಲದವು. ಪದದ ಮೊದಲಲ್ಲೇ 'ಪ್ಟ' ಎನ್ನುವುದು ಇಂಗ್ಲಿಷರ ನಾಲಿಗೆಗೆ ಒಗ್ಗಲಿಲ್ಲ, ಹಾಗಾಗಿ 'ಪಿ' ಬರಹದಲ್ಲಷ್ಟೇ ಉಳಿಯಿತು. ನಿಘಂಟಿನಲ್ಲಿ 'ಟಿ' ಕೆಳಗೆ ಹುಡುಕಿದರೆ ಸಿಗುವುದಿಲ್ಲ.

ಟೆರೊಡ್ಯಾಕ್ಟಿಲ್ ಎಂದರೆ 'ರೆಕ್ಕೆ-ಬೆರಳು': ಅಳಿದುಹೋದ ಈ ಹಾರುವ ಸರೀಸೃಪದ ರೆಕ್ಕೆಯ ಪೊರೆಗೆ ನೀಳವಾದ ನಾಲ್ಕನೇ ಬೆರಳೇ ಆಧಾರ. ಇದರಲ್ಲಿ 'ರೆಕ್ಕೆ' ಎಂಬರ್ಥದ 'ಪ್ಟೆರ್' ಹೆಲಿಕಾಪ್ಟರ್‌ನಲ್ಲೂ ಇದೆ. ಪದದ ನಡುವೆ ಬಂದದ್ದರಿಂದ ಅಲ್ಲಿ 'ಪ್' ಕೇಳಿಸುತ್ತದೆ! ಟೋಸಿಸ್ ಅಂದರೆ ಕಣ್ಣಿನ ಮೇಲ್ರೆಪ್ಪೆ ಜೋತುಬೀಳುವುದು. ಟಯಲಿನ್, ಎಂಜಲಿನಲ್ಲಿ ಪಿಷ್ಟ ಒಡೆಯುವ ಕಿಣ್ವ.

ಟಾರ್ಮಿಗನ್ ಮಾತ್ರ ವೇಷಧಾರಿ. ಚಳಿಗಾಲದಲ್ಲಿ ಬೆಳ್ಳಗಾಗುವ ಈ ಹಕ್ಕಿಯ ಹೆಸರು ಸ್ಕಾಟಿಷ್ ಗೇಲಿಕ್‌ನದು. ಗ್ರೀಕ್ ಎಂದು ತಪ್ಪಾಗಿ ಭಾವಿಸಿ 17ನೇ ಶತಮಾನದಲ್ಲಿ 'ಪಿ' ಅಂಟಿಸಿದರು.