ಅಕ್ಕಿ ಬಿಟ್ಟು ದುಡ್ಡು ಯಾಕೆ ಕೊಡ್ತಾರೆ?

ಪ್ರಶ್ನೆ: ಯುದ್ಧ ನಡೆಯುವ ಕಡೆ ಹಸಿದವರಿಗೆ ಅಕ್ಕಿ, ಗೋಧಿ ಕೊಡುವ ಬದಲು ಈಗ ಕೈಗೆ ದುಡ್ಡೇ ಕೊಡುತ್ತಾರಂತೆ. ಅಂಗಡಿಯವರು ರೇಟು ಏರಿಸುವುದಿಲ್ವಾ? ಬಂದೂಕು ಹಿಡಿದವರು ಕಿತ್ತುಕೊಳ್ಳುವುದಿಲ್ವಾ?
— ಒಬ್ಬ ಓದುಗರು, ಗದಗ

ಉತ್ತರ: 2011ರಲ್ಲಿ ಆಫ್ರಿಕಾದ ಸೊಮಾಲಿಯಾದಲ್ಲಿ ದುಡ್ಡು ಹಂಚುವ ಮೊದಲು ನೆರವು ಸಂಸ್ಥೆಗಳೂ ಇದೇ ಅನುಮಾನ ಹಿಡಿದು ತಿಂಗಳುಗಟ್ಟಲೆ ಕೂತಿದ್ದವು. ಅಲ್ಲಿನವರ ಊಟವೂ ನಿಮ್ಮ ಕಡೆಯ ಹಾಗೆ ಜೋಳದ್ದೇ. ಮಳೆ ಕೈಕೊಟ್ಟು ಜೋಳದ ಬೆಲೆ ಮುಗಿಲು ಮುಟ್ಟಿತ್ತು, ಜುಲೈನಲ್ಲಿ ವಿಶ್ವಸಂಸ್ಥೆ ಕ್ಷಾಮ ಅಂತ ಘೋಷಿಸಿತು. ಆದರೆ ಅಲ್ಲಿನ ಬಂದೂಕುಧಾರಿ ಉಗ್ರ ಸಂಘಟನೆ ಅಲ್-ಶಬಾಬ್ ಹಿಂದಿನ ವರ್ಷವೇ ವಿಶ್ವಸಂಸ್ಥೆಯ ಆಹಾರ ನೆರವಿನ ಸಂಸ್ಥೆಯಾದ ವಿಶ್ವ ಆಹಾರ ಕಾರ್ಯಕ್ರಮವನ್ನು ತನ್ನ ಹಿಡಿತದ ಊರುಗಳಿಂದ ಹೊರಗಿಟ್ಟಿತ್ತು. ನೆರವಿನ ಲಾರಿ ಹೋಗುವಂತಿಲ್ಲ, ವ್ಯಾಪಾರಿಯ ಲಾರಿ ಹೋಗುತ್ತಿತ್ತು! ಅಂಗಡಿಯಲ್ಲಿ ಕಾಳಿತ್ತು, ಕೊಳ್ಳುವವರ ಕೈಯಲ್ಲಿ ಕಾಸಿರಲಿಲ್ಲ.

ದುಡ್ಡು ಹೋದದ್ದು ಹವಾಲಾ ಮೂಲಕ. ನಮಗೆ ಹವಾಲಾ ಅಂದರೆ ಕಪ್ಪುಹಣ, ರೇಡು ಅಂತಲೇ ನೆನಪಾಗುತ್ತದೆ, ಅಲ್ವಾ? 1991ರಲ್ಲಿ ಸರ್ಕಾರವೇ ಕುಸಿದುಬಿದ್ದ ಸೊಮಾಲಿಯಾದಲ್ಲಿ ಜನರ ಪಾಲಿಗೆ ಅದೇ ಬ್ಯಾಂಕು. ಲಂಡನ್ನಿನಲ್ಲಿ ಮಗ ಕಟ್ಟಿದ್ದನ್ನು ಊರಿನ ಕಚೇರಿಯಲ್ಲಿ ತಾಯಿ ಎಣಿಸಿಕೊಳ್ಳುತ್ತಾಳೆ. ಅದೇ ದಾರಿಯನ್ನು ಸಂಸ್ಥೆಗಳೂ ಹಿಡಿದವು.

ಮನೆಯವರು ಆ ದುಡ್ಡಲ್ಲಿ ಊಟದ ಸಾಮಾನು ತಂದರು, ಅಂಗಡಿಯ ಸಾಲವನ್ನೂ ತೀರಿಸಿದರು. ಸಾಲಕ್ಕೆ ಹೋದದ್ದು ದಂಡ ಅಂದುಕೊಳ್ಳಬೇಡಿ. ಉದ್ರಿ ಪುಸ್ತಕದಲ್ಲಿ ಹಳೇ ಬಾಕಿ ಚುಕ್ತಾ ಆದರೆ ತಾನೇ ಮುಂದಿನ ತಿಂಗಳು ಮತ್ತೆ ಕಾಳು ಅಳೆದುಕೊಡುವುದು, ಅಂಗಡಿಯವನೂ ಅದೇ ದುಡ್ಡು ಸಗಟು ವ್ಯಾಪಾರಿಗೆ ಕೊಟ್ಟು ಹೊಸ ಮಾಲು ಎತ್ತುವುದು.

ರೇಟು ಏರುತ್ತದೆ ಅನ್ನುವ ಭಯ ಸುಳ್ಳಾಯಿತು, ವರ್ಷದ ಕೊನೆಗೆ ಇಳಿಯಿತು ಕೂಡ. ಹಾಗಂತ ಪುಣ್ಯವೆಲ್ಲ ದುಡ್ಡಿಗೇ ಕಟ್ಟುವುದು ಬೇಡ, ಅಷ್ಟರಲ್ಲಿ ಒಳ್ಳೆ ಮಳೆಯೂ ಆಗಿತ್ತು. ಕಿತ್ತುಕೊಳ್ಳುವುದಂತೂ ನಡೆಯಿತು. ರಾಜಧಾನಿ ಮೊಗದಿಶುವಿನ ನಿರಾಶ್ರಿತರ ಶಿಬಿರಗಳಲ್ಲಿ ಯಜಮಾನಿಕೆ ನಡೆಸುವವರು ತಮ್ಮ ಪಾಲು ಮುರಿದುಕೊಂಡರು. ಕಾಳಿನ ಮೂಟೆಯಲ್ಲೂ ಅವರು ಹಾಗೇ ಮುರಿಯುತ್ತಿದ್ದರು ಬಿಡಿ.

ನನಗೆ ಜಾಸ್ತಿ ಕಾಡುವುದು ಬೇರೆ. ಆ ಕ್ಷಾಮದಲ್ಲಿ ಸುಮಾರು 2.6 ಲಕ್ಷ ಜನ ಸತ್ತರು, ಅವರಲ್ಲಿ ಅರ್ಧದಷ್ಟು ಐದು ವರ್ಷ ತುಂಬದ ಮಕ್ಕಳು. ಎಷ್ಟೋ ಜನ ಸತ್ತದ್ದು ದುಡ್ಡು ಕೊಡೋಣವೋ ಬೇಡವೋ ಅಂತ ಚರ್ಚೆ ನಡೆಯುತ್ತಿದ್ದಾಗಲೇ.

ಎಲ್ಲ ಕಡೆಯೂ ಇದು ನಡೆಯುವುದಿಲ್ಲ. ಗಾಜಾದಲ್ಲಿ ಗಡಿ ಮುಚ್ಚಿ ಮಾಲೇ ಒಳಗೆ ಬರದಿದ್ದಾಗ ದುಡ್ಡಿದ್ದವರೂ ಬರಿಗೈಲಿ ಮನೆಗೆ ಬಂದರು. ಅಂಥ ಕಡೆ ಮೊದಲು ಲಾರಿ ಬಿಡಿಸಬೇಕು, ದುಡ್ಡಿನ ಮಾತು ಆಮೇಲೆ.