ಜೂನ್‌ನಲ್ಲಿ ಬೆಟ್ಟ ಯಾಕೆ ಒಣಗಿದೆ? ಸಾಂಟಾ ಕ್ಲಾರಾ ಕೌಂಟಿ ಪಾರ್ಕುಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯವು. ಸ್ಯಾನ್ ಹೊಸೆ, ಸನ್ನಿವೇಲ್, ಕ್ಯೂಪರ್ಟಿನೋ, ಮಿಲ್ಪಿಟಸ್ ಎಲ್ಲಾ ಇದರೊಳಗೇ ಬರುತ್ತವೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ನಾನು ಇಲ್ಲಿನ ಟ್ರೇಲುಗಳಲ್ಲಿ ವರ್ಷಗಟ್ಟಲೆ ನಡೆದು, ಬಂದ ನೆಂಟರನ್ನೆಲ್ಲ ನಡೆಸಿ, ಒಂದೆರಡು ಸಲ ಬೈಸಿಕೊಂಡೂ ಇದ್ದೇನೆ. ಆ ಅನುಭವದ ಮೇಲೆ ಉತ್ತರ ಬರೆಯುತ್ತಿದ್ದೇನೆ.

ಅಪ್ಪ ಅಮ್ಮ ಜೂನ್‌ನಲ್ಲಿ ಮೈಸೂರಿಂದ ಬರುತ್ತಿದ್ದಾರೆ, ನವೆಂಬರ್ ತನಕ ಇರುತ್ತಾರೆ. ಅಪ್ಪನಿಗೆ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತದಿದ್ದರೆ ತಿಂಡಿ ಸೇರುವುದಿಲ್ಲ. ಅಮ್ಮನಿಗೆ ಮಂಡಿ ನೋವು, ಏರು ಹತ್ತಲು ಆಗುವುದಿಲ್ಲ. ಇಬ್ಬರಿಗೂ ಆಗುವ ಜಾಗ ಯಾವುದು?

ಕೆರೆಯೇ ಬೇಕು ಅಂದರೆ ಲಾಸ್ ಗ್ಯಾಟೋಸ್‌ನ ವಸೋನಾ ಲೇಕ್ ಪಾರ್ಕ್. ನೀರಿನ ಪಕ್ಕದಲ್ಲೇ ಟಾರು ಹಾಕಿದ ಸಮತಟ್ಟು ದಾರಿ, ಅಲ್ಲಲ್ಲಿ ಬೆಂಚು, ಟಾಯ್ಲೆಟ್, ಸಾಕಷ್ಟು ಮರದ ನೆರಳು. ಅಮ್ಮ ಬೆಂಚಿನ ಮೇಲೆ ಕೂತು ನೀರು ನೋಡುತ್ತಿರಲಿ, ಅಪ್ಪ ಲಾಸ್ ಗ್ಯಾಟೋಸ್ ಕ್ರೀಕ್ ಟ್ರೇಲ್ ಹಿಡಿದು ಕ್ಯಾಂಪ್‌ಬೆಲ್ ಕಡೆಗೆ ಎಷ್ಟು ದೂರ ಬೇಕೋ ಅಷ್ಟು ನಡೆದು ವಾಪಸ್ ಬರಲಿ. ಆ ಕಡೆ ದಾರಿ ಏರಿಲ್ಲ. ಎದುರು ದಿಕ್ಕಿನಲ್ಲಿ, ಲೆಕ್ಸಿಂಗ್ಟನ್ ಅಣೆಕಟ್ಟಿನ ಕಡೆಗೆ ಹೋದರೆ ಕೊನೆಯಲ್ಲಿ ಒಳ್ಳೇ ಏರು ಸಿಗುತ್ತೆ, ಅದನ್ನು ಮೊದಲೇ ಹೇಳಿಬಿಡಿ. ಮೊಮ್ಮಕ್ಕಳಿದ್ದರೆ ಪಕ್ಕದ ಓಕ್ ಮೆಡೋ ಪಾರ್ಕಿನಲ್ಲಿ ಪುಟ್ಟ ರೈಲು ಇದೆ, ಅದು ಹತ್ತದೆ ಮನೆಗೆ ಬರುವುದು ಸುಲಭವಿಲ್ಲ. ಒಂದೇ ಒಂದು ಎಚ್ಚರಿಕೆ: ಹುಲ್ಲಿನ ಮೇಲೆ ಜಮಖಾನ ಹಾಸುವ ಮೊದಲು ಕೆಳಗೆ ನೋಡಿ. ಅಲ್ಲಿನ ಕೆನಡಾ ಹೆಬ್ಬಾತುಗಳು ಹುಲ್ಲು ತಿಂದು ಹುಲ್ಲಿನ ಮೇಲೇ ತಮ್ಮ ಕೆಲಸ ಮುಗಿಸಿರುತ್ತವೆ. ನಮ್ಮ ಅತ್ತೆ ಹೊಸ ಚಪ್ಪಲಿಯಲ್ಲಿ ಅದನ್ನು ಕಂಡುಹಿಡಿದರು.

ಕಾರಿಗೆ ಸಾಮಾನ್ಯವಾಗಿ ದಿನಕ್ಕೆ 6 ಡಾಲರ್. ನಡೆದೋ ಸೈಕಲ್ಲಿನಲ್ಲೋ ಬಂದರೆ ಏನೂ ಇಲ್ಲ. ಆರು ತಿಂಗಳು ದಿನಾ ಹೋಗುವುದೇ ಖಚಿತ ಅಂದರೆ ವರ್ಷದ ಪಾಸ್ ಮಾಡಿಸಿ, ಗಿಟ್ಟುತ್ತೆ.

ಇನ್ನೊಂದು ಜಾಗ ನಿಮ್ಮ ಅಪ್ಪನಿಗಾಗಿಯೇ ಹೇಳುತ್ತೇನೆ. ದಕ್ಷಿಣ ಸ್ಯಾನ್ ಹೊಸೆಯಲ್ಲಿ ಮಾರ್ಷಿಯಲ್ ಕಾಟಲ್ ಪಾರ್ಕ್ ಅಂತ ಇದೆ, 287 ಎಕರೆ. ಸುತ್ತಲೂ ಮನೆ, ಅಂಗಡಿ, ಹೈವೇ. ನಡುವೆ ಹೊಲ. ಸುತ್ತಮುತ್ತಲಿನ ಜಮೀನೆಲ್ಲ ಲೇಔಟ್ ಆದರೂ ಈ ಹೊಲದ ಒಡೆಯರಾಗಿದ್ದ ಕಾಟಲ್ ಮನೆತನದ ಕೊನೆಯವರು ಮಾತ್ರ ಮಾರಲಿಲ್ಲ. ಇಲ್ಲಿ ಬೇಸಾಯ ನಡೀತಾ ಇರಬೇಕು ಅಂತ ಹೇಳಿ ಜನರಿಗೇ ಬಿಟ್ಟುಕೊಟ್ಟರು. 2014ರಲ್ಲಿ ಪಾರ್ಕ್ ಆಗಿ ತೆರೆಯಿತು. ಬೆಂಗಳೂರಿನ ಸುತ್ತ ಒಂದೊಂದೇ ಎಕರೆ ಹೇಗೆ ಹೋಯಿತು ಅಂತ ಕಂಡಿರುವ ಹಿರಿಯರು ಅಲ್ಲಿ ಬೇಲಿ ಪಕ್ಕ ನಿಂತು ಸುಮ್ನೆ ಮಣ್ಣು ನೋಡುತ್ತಾರೆ. ಆದರೆ ನೆರಳೇ ಇಲ್ಲ. ಜುಲೈನಲ್ಲಿ ಬೆಳಿಗ್ಗೆ ಒಂಬತ್ತರ ಒಳಗೆ ಸುತ್ತು ಮುಗಿಸಿ.

ಹಾಗೇ ಅವರು ಬಂದಿಳಿದ ಮೊದಲ ವಾರ "ಇದೇನು, ಬೆಟ್ಟವೆಲ್ಲ ಸುಟ್ಟು ಹೋಗಿದೆಯಲ್ಲ" ಅಂತ ಖಂಡಿತ ಕೇಳುತ್ತಾರೆ. ನಮ್ಮಲ್ಲಿ ಜೂನ್ ಅಂದರೆ ಮಳೆ ಹಿಡಿದು ಹಸಿರಾಗುವ ಕಾಲ, ಇಲ್ಲಿ ಪೂರಾ ಉಲ್ಟಾ. ಮಳೆ ಬೀಳುವುದು ಹೆಚ್ಚಾಗಿ ನವೆಂಬರ್‌ನಿಂದ ಏಪ್ರಿಲ್ ತನಕ. ಆಮೇಲೆ ಹುಲ್ಲು ಬೀಜ ಬಿಟ್ಟು ಒಣಗುತ್ತೆ. ಆ ಹುಲ್ಲು ಬಹುಪಾಲು ಈ ನೆಲದ್ದೂ ಅಲ್ಲ, ಸ್ಪೇನಿನವರ ದನಗಳ ಜೊತೆ ಮೆಡಿಟರೇನಿಯನ್ ಕಡೆಯಿಂದ ಬಂದು ಊರಿಕೊಂಡದ್ದು. ನವೆಂಬರ್‌ಗೆ ವಾಪಸ್ ಹೋಗುವವರು ಹಸಿರು ಬೆಟ್ಟ ನೋಡುವುದೇ ಇಲ್ಲ. ಮುಂದಿನ ಸಲ ಟಿಕೆಟ್ ಮಾಡಿಸುವಾಗ ಫೆಬ್ರವರಿ, ಮಾರ್ಚ್ ಸೇರುವ ಹಾಗೆ ನೋಡಿ.

ಆಗಸ್ಟ್‌ನಲ್ಲಿ ಊವಸ್ ಕ್ಯಾನ್ಯನ್‌ಗೆ ಜಲಪಾತ ನೋಡಲು ಹೋದೆವು. ಫೋಟೋದಲ್ಲಿ ಇದ್ದ ನೀರು ಅಲ್ಲಿ ಇರಲಿಲ್ಲ.

ಮೇಲಿನ ಉತ್ತರವೇ ನಿಮಗೂ. ಜೋಗಕ್ಕೆ ಏಪ್ರಿಲ್‌ನಲ್ಲಿ ಹೋಗಿ ಬರೀ ಬಂಡೆ ನೋಡಿ ಬಂದವರಿದ್ದಾರಲ್ಲ, ಹಾಗಾಯಿತು. ಬ್ಲ್ಯಾಕ್ ರಾಕ್ ಫಾಲ್ಸ್, ಬೇಸಿನ್ ಫಾಲ್ಸ್ ಎಲ್ಲ ಚಿಕ್ಕ ಹಳ್ಳದ ಮೇಲಿನ ಅಬ್ಬಿಗಳು. ಜನವರಿಯಿಂದ ಮಾರ್ಚ್ ನಡುವೆ, ಒಂದು ಒಳ್ಳೇ ಮಳೆ ಬಿದ್ದು ಎರಡು ಮೂರು ದಿನ ಆದ ಮೇಲೆ ಹೋಗಿ. ಪಾರ್ಕಿಂಗ್ ಜಾಗ ತೀರಾ ಕಡಿಮೆ, ಶನಿವಾರ ಭಾನುವಾರ ಮುಂಚೆಯೇ ಬುಕ್ ಮಾಡಬೇಕು. ಬುಕ್ ಮಾಡದೆ ಮಾರ್ಗನ್ ಹಿಲ್ ಪಕ್ಕದ ಆ ಸಣ್ಣ ರಸ್ತೆಯಲ್ಲಿ ಅಷ್ಟು ದೂರ ಹೋಗಿ ಗೇಟಿನಿಂದ ತಿರುಗಿ ಬರುವುದಿದೆಯಲ್ಲ, ಕಾರಿನಲ್ಲಿ ಯಾರೂ ಮಾತಾಡುವುದಿಲ್ಲ.

ಟ್ರೇಲ್‌ನಲ್ಲಿ ನಡೆದು ಬಂದ ಎರಡು ದಿನಕ್ಕೆ ನನ್ನ ಮಗಳ ಕಾಲು ತುಂಬ ಗುಳ್ಳೆ, ಸಿಕ್ಕಾಪಟ್ಟೆ ತುರಿಕೆ. ಪಾಯ್ಸನ್ ಓಕ್ ಅಂದರು. ಏನಿದು? ಗುರುತಿಸುವುದು ಹೇಗೆ?

ಮಾವಿನಕಾಯಿ ಕೀಳುವಾಗ ಸೊನೆ ತಾಗಿ ತುಟಿ, ಕೆನ್ನೆ ಸುಟ್ಟುಕೊಂಡ ನೆನಪಿದೆಯಾ? ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೂ ಹಾಗೇ ಚರ್ಮ ಏಳುತ್ತೆ. ಪಾಯ್ಸನ್ ಓಕ್ ಇದೇ ಮಾವು, ಗೇರಿನ ಕುಟುಂಬದ ಗಿಡ, ಹೆಸರಲ್ಲಿ ಓಕ್ ಇದ್ದರೂ ಓಕ್ ಅಲ್ಲ. ಅದರ ಎಣ್ಣೆಯೂ ಅದೇ ಜಾತಿಯದ್ದು, ಇನ್ನೂ ಜೋರು ಅಷ್ಟೇ.

ಗುರುತು ಇಷ್ಟು: ಒಂದು ತೊಟ್ಟಿಗೆ ಮೂರು ಎಲೆ, ಬಿಲ್ವಪತ್ರೆಯ ಹಾಗೆ. ನಡುವಿನದಕ್ಕೆ ಮಾತ್ರ ಸ್ವಲ್ಪ ಉದ್ದದ ತೊಟ್ಟು. ಅಂಚು ಓಕ್ ಎಲೆಯಂತೆ ಅಲೆಅಲೆ. ವಸಂತದಲ್ಲಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ, ಬೇಸಿಗೆ ಕೊನೆಗೆ ಕೆಂಪಾಗುತ್ತೆ. ಆ ಕೆಂಪು ನೋಡಿ ಫೋಟೋಗೆ ಅಂತ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸುವವರನ್ನು ನಾನೇ ತಡೆದಿದ್ದೇನೆ. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿ ಉಳಿದಿರುತ್ತೆ, ಆ ಕಡ್ಡಿಯಲ್ಲೂ ಎಣ್ಣೆ ಇರುತ್ತೆ. ಕೆಲವು ಕಡೆ ಪೊದೆ, ಕೆಲವು ಕಡೆ ಮರಕ್ಕೆ ಹಬ್ಬಿದ ಬಳ್ಳಿ. ಹಾಗಾಗಿ ದಾರಿಯ ನಡುವೆ ನಡೆಯಿರಿ, ಅಡ್ಡದಾರಿ ಬೇಡ.

ತಾಗಿದೆ ಅನ್ನಿಸಿದರೆ ಆದಷ್ಟು ಬೇಗ ಸೋಪು, ತಣ್ಣೀರಿನಲ್ಲಿ ತೊಳೆಯಿರಿ. ಬಟ್ಟೆ, ಶೂ ಲೇಸು, ನಾಯಿಯ ಮೈ ಎಲ್ಲದರಲ್ಲೂ ಎಣ್ಣೆ ಅಂಟಿಕೊಂಡಿರುತ್ತೆ, ಅದೇ ಶೂ ಮುಟ್ಟಿ ಮರುದಿನ ಮತ್ತೆ ಗುಳ್ಳೆ ಬರಿಸಿಕೊಂಡವರಿದ್ದಾರೆ. ಮುಖಕ್ಕೋ ಕಣ್ಣಿಗೋ ಆದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ತೊಳೆಯುವಾಗಲೇ ಮಂಡಿ ಹಿಂದೆ, ಸೊಂಟದ ಪಟ್ಟಿ, ಕಿವಿ ಹಿಂದೆ ಉಣ್ಣೆ ಹುಳ ಕಚ್ಚಿಕೊಂಡಿದೆಯಾ ನೋಡಿಬಿಡಿ. ಇಲ್ಲಿನ ಕೆಲವು ಉಣ್ಣೆಗಳಿಂದ ಲೈಮ್ ಕಾಯಿಲೆ ಬರುತ್ತೆ.

ಪ್ಯೂಮಾ (ಇಲ್ಲಿನ ಬೆಟ್ಟಗಳ ದೊಡ್ಡ ಕಾಡುಬೆಕ್ಕು, ಮೌಂಟನ್ ಲಯನ್) ಎದುರಾದರೆ?

ಓಡಬೇಡಿ. ಬೆನ್ನು ತೋರಿಸಬೇಡಿ. ಮಗುವನ್ನು ಎತ್ತಿಕೊಳ್ಳಿ, ಕೈ ಎತ್ತಿ ದೊಡ್ಡದಾಗಿ ಕಾಣಿಸಿ, ಕಿರುಚಿ, ನಿಧಾನಕ್ಕೆ ಹಿಂದೆ ಸರಿಯಿರಿ. ಇಷ್ಟು ವರ್ಷ ನಡೆದರೂ ನನಗೆ ಒಂದೂ ಕಂಡಿಲ್ಲ. ಗಿಲಕಿಯಂತೆ ಸದ್ದು ಮಾಡುವ ಬಾಲದ ರ‍್ಯಾಟಲ್ ಹಾವು ಮಾತ್ರ ಸುಮಾರು ಸಲ ಸಿಕ್ಕಿದೆ, ಬಿಸಿಲಿಗೆ ದಾರಿ ಮೇಲೇ ಮಲಗಿರುತ್ತೆ. ಕಿವಿಯಲ್ಲಿ ಹಾಡು ಹಾಕಿಕೊಂಡು ನಡೆಯಬೇಡಿ ಅನ್ನುವುದು ಅದಕ್ಕೇ.

ಒಂದು ಕಡೆ ನಾಯಿ ಬಿಡುತ್ತಾರೆ, ಇನ್ನೊಂದು ಕಡೆ ವಾಪಸ್ ಕಳಿಸುತ್ತಾರೆ. ಎಲ್ಲಾ ಒಂದೇ ಪಾರ್ಕ್ ಇಲಾಖೆ ಅಲ್ವಾ?

ಅಲ್ಲ, ಗಲಿಬಿಲಿ ಇರುವುದೇ ಅಲ್ಲಿ. ಗ್ರ್ಯಾಂಟ್, ಎಡ್ ಲೆವಿನ್, ಸ್ಯಾನ್‌ಬಾರ್ನ್ ಕೌಂಟಿಯವು. ಆಲಮ್ ರಾಕ್ ಸ್ಯಾನ್ ಹೊಸೆ ನಗರದ್ದು, 1872ರಷ್ಟು ಹಳೆಯದು. ಹೆನ್ರಿ ಕೋ ರಾಜ್ಯದ್ದು. ಮಿಷನ್ ಪೀಕ್ ಈ ಕೌಂಟಿಯದ್ದೇ ಅಲ್ಲ, ಪಕ್ಕದ ಅಲಮೀಡಾದ್ದು. ರಾಂಚೋ ಸ್ಯಾನ್ ಆಂಟೋನಿಯೋ ಇನ್ನೂ ತಮಾಷೆ: ಕಾರು ನಿಲ್ಲಿಸುವ ಮುಂದಿನ ಭಾಗ ಕೌಂಟಿಯದ್ದು, ಸ್ವಲ್ಪ ಒಳಗೆ ಹೋದರೆ ಮಿಡ್‌ಪೆನ್ ಅನ್ನುವ ಬೇರೆ ಸಂಸ್ಥೆಯ ಜಾಗ, ಅಲ್ಲಿ ನಾಯಿ ಬಿಡುವುದಿಲ್ಲ. ಹೊರಡುವ ಮೊದಲು ಜಾಗ ಯಾರದ್ದು ಅಂತ ನೋಡಿ, ಅವರ ವೆಬ್‌ಸೈಟಿನಲ್ಲೇ ನಿಯಮ ಓದಿ. ಮಳೆಗಾಲದಲ್ಲಿ ಜೇಡಿಮಣ್ಣಿನ ದಾರಿಗಳನ್ನು ಸೈಕಲ್ಲಿಗೆ, ಕುದುರೆಗೆ ಮುಚ್ಚುವುದೂ ಉಂಟು, ಅದೂ ಅಲ್ಲೇ ಹಾಕಿರುತ್ತಾರೆ.

ಹೈಸ್ಕೂಲ್ ಮಗನಿಗೆ "ಬೆಟ್ಟ ಹತ್ತಿ ಇಳಿಯೋದು" ಅಂದರೆ ಬೋರು. ಇತಿಹಾಸ ಇಷ್ಟ. ನಾವು ಮೂಲತಃ ಕೆಜಿಎಫ್‌ನವರು.

ಹಾಗಾದರೆ ನಿಮ್ಮ ಪಾರ್ಕ್ ಆಲ್ಮಡೆನ್ ಕ್ವಿಕ್‌ಸಿಲ್ವರ್. ಬೇರೆ ಎಲ್ಲೂ ಹೋಗಬೇಡಿ, ಮೊದಲು ಇಲ್ಲಿಗೆ ಹೋಗಿ.

ಇದು ಪಾದರಸದ ಗಣಿ ಇದ್ದ ಬೆಟ್ಟ, 4,000 ಎಕರೆಗೂ ಜಾಸ್ತಿ. ಇಲ್ಲಿನ ಕೆಂಪು ಇಂಗಲೀಕದ ಕಲ್ಲನ್ನು ಮೂಲನಿವಾಸಿ ಒಲೋನಿ ಜನ ಬಣ್ಣಕ್ಕೆ ಬಳಸುತ್ತಿದ್ದರು. ಅದರಲ್ಲಿ ಪಾದರಸ ಇದೆ ಅಂತ 1845ರಲ್ಲಿ ಗೊತ್ತಾಗಿ ಗಣಿ ಶುರುವಾಯಿತು, ಸ್ಪೇನಿನ ಆಲ್ಮಡೆನ್ ಗಣಿಯ ಹೆಸರನ್ನೇ ಇಟ್ಟರು. ಮೂರೇ ವರ್ಷಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಅರೆದ ಕಲ್ಲಿನಿಂದ ಚಿನ್ನ ಹಿಡಿದು ತೆಗೆಯಲು ಪಾದರಸ ಬೇಕೇ ಬೇಕು. ಅದು ಇಲ್ಲಿಂದ ಹೋಯಿತು.

ಇನ್ನು ನಿಮ್ಮ ಊರಿನ ನಂಟು. ಬೆಟ್ಟದ ಮೇಲೆ ಇಂಗ್ಲಿಷ್‌ಟೌನ್ ಅಂತ ಗಣಿ ಕೆಲಸಗಾರರ ಹಳ್ಳಿಯ ಗುರುತು ಉಳಿದಿದೆ. ಅಲ್ಲಿ ಇದ್ದವರು ಹೆಚ್ಚಾಗಿ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿಗಾರರು. ಕೋಲಾರದ ಗಣಿಗೂ ಕಾರ್ನ್‌ವಾಲ್‌ನಿಂದಲೇ ಜನ ಬಂದಿದ್ದರು ಅಂತ ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತೆ. ಅವರ ಊರಿನ ತವರದ, ತಾಮ್ರದ ಗಣಿಗಳು ಸೋತಾಗ ದುಡಿಮೆ ಹುಡುಕಿ ಲೋಕವೆಲ್ಲ ಸುತ್ತಿದವರು. ಇಂಗ್ಲಿಷ್‌ಟೌನಿನ ಜೊತೆಗೆ ಇಲ್ಲಿ ಸ್ಪ್ಯಾನಿಷ್‌ಟೌನ್ ಬೇರೆ ಇತ್ತು, ಮೆಕ್ಸಿಕನ್ ಕೆಲಸಗಾರರದ್ದು. ಯಾರು ಯಾವ ಕಡೆ ಇದ್ದರು, ಯಾಕೆ ಅಂತ ಮಗನಿಗೆ ಕೇಳಿ, ಕೆಜಿಎಫ್‌ನ ಬಂಗಲೆ ಮತ್ತು ಕೂಲಿ ಲೈನುಗಳನ್ನು ನೋಡಿದವರು ನೀವೇ ಉತ್ತರ ಹೇಳಬಹುದು.

ಮೊದಲು ಕೆಳಗಿನ ಕಾಸಾ ಗ್ರಾಂಡೆ ಮ್ಯೂಸಿಯಂ, ಗಣಿ ಮ್ಯಾನೇಜರ್ ಇದ್ದ ಮನೆ. ಅದು ತೆರೆಯುವ ದಿನ ನೋಡಿಕೊಂಡು ಹೊರಡಿ. ಆಮೇಲೆ ಹಸಿಯೆಂಡಾ ಗೇಟಿನಿಂದ ಮೈನ್ ಹಿಲ್ ಟ್ರೇಲ್ ಹತ್ತಿ. ಏರು ಚೆನ್ನಾಗಿಯೇ ಇದೆ, ತಲೆಗೆ ಎರಡು ಲೀಟರ್ ನೀರು ಇರಲಿ. ಮೇಲೆ ಸ್ಯಾನ್ ಕ್ರಿಸ್ಟೋಬಲ್ ಸುರಂಗದ ಬಾಯಿ ಸಿಗುತ್ತೆ, ಒಳಗೆ ಸ್ವಲ್ಪ ದೂರದಲ್ಲಿ ಕಂಬಿ ಹಾಕಿದ್ದಾರೆ. ಆ ಕಂಬಿಗೆ ಮುಖ ಕೊಟ್ಟು ನಿಂತರೆ ಹೊರಗೆ ಎಷ್ಟೇ ಬಿಸಿಲಿದ್ದರೂ ತಣ್ಣನೆ ಗಾಳಿ ಬರುತ್ತೆ, ಒದ್ದೆ ಕಲ್ಲಿನ ವಾಸನೆ. ನನ್ನ ಜೊತೆ ಬಂದಿದ್ದ ಹುಡುಗ ಫೋನ್ ಜೇಬಿಗೆ ಹಾಕಿದ್ದು ಅವತ್ತು ಅಲ್ಲೊಂದೇ ಕಡೆ.

ಗಣಿ ಮುಚ್ಚಿದ್ದು 1970ರ ದಶಕದಲ್ಲಿ. ಪಾದರಸ ಮಾತ್ರ ಇನ್ನೂ ಮಣ್ಣು ನೀರಿನಲ್ಲಿದೆ. ಆಲ್ಮಡೆನ್, ಗ್ವಾಡಲೂಪೆ ಜಲಾಶಯಗಳಲ್ಲಿ ಮೀನು ಹಿಡಿಯಬಹುದು, ತಿನ್ನುವಂತಿಲ್ಲ. ದಡದಲ್ಲಿ ಬೋರ್ಡು ಇದೆ. ಗಾಳ ಹಾಕುವ ಆಸೆ ಇದ್ದರೆ ಹಾಕಿ, ಸಿಕ್ಕಿದ್ದನ್ನು ವಾಪಸ್ ಬಿಟ್ಟು, ಊಟಕ್ಕೆ ಮನೆಯಿಂದ ಚಿತ್ರಾನ್ನ ಒಯ್ಯಿರಿ.