ಡೇಟಾ ಬೇರೆ ಡಿಸ್ಕ್‌ಗೆ ಹೋಯಿತು, ಮೈಎಸ್‌ಕ್ಯೂಎಲ್ ಏಳುತ್ತಿಲ್ಲ

ಪ್ರಶ್ನೆ: ನಮ್ಮದು ಕಾಫಿ, ಕರಿಮೆಣಸು ಖರೀದಿ ಅಂಗಡಿ. ತೂಕದ ಲೆಕ್ಕವೆಲ್ಲ ಉಬುಂಟು ಕಂಪ್ಯೂಟರಿನ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ. 120 ಜಿಬಿ ಡಿಸ್ಕ್ ತುಂಬಿತೆಂದು ಹೊಸ 1 ಟಿಬಿ ಡಿಸ್ಕ್ ಹಾಕಿದೆ. ಡೇಟಾ ಫೋಲ್ಡರನ್ನು ಅದಕ್ಕೆ ಕಾಪಿ ಮಾಡಿ, ಹಳೆಯದರ ಹೆಸರು ಬದಲಿಸಿ, ಆ ಜಾಗದಲ್ಲಿ ಹೊಸ ಫೋಲ್ಡರಿಗೆ ದಾರಿ ತೋರಿಸುವ ಲಿಂಕ್ ಇಟ್ಟೆ. ಈಗ 'ಪರ್ಮಿಷನ್ ಡಿನೈಡ್' ಎಂದು ಬರುತ್ತಿದೆ. ಫೋಲ್ಡರಿನ ಒಡೆತನ ಮೈಎಸ್‌ಕ್ಯೂಎಲ್ ಬಳಕೆದಾರನ ಹೆಸರಿನಲ್ಲೇ ಇದೆ. ಏನು ಮಾಡಲಿ?
— ಓದುಗರು, ಸುಂಟಿಕೊಪ್ಪ

ಉತ್ತರ: ಮೊದಲು ಗಾಬರಿ ಬಿಡಿ, ನಿಮ್ಮ ಲೆಕ್ಕ ಎಲ್ಲೂ ಹೋಗಿಲ್ಲ. ಮೈಎಸ್‌ಕ್ಯೂಎಲ್ ನಿಲ್ಲಿಸಿಯೇ ಕಾಪಿ ಮಾಡಿದ್ದೀರಿ ಅಲ್ವಾ? ಇಲ್ಲದಿದ್ದರೆ ನಿಲ್ಲಿಸಿ ಮತ್ತೆ ಮಾಡಿ.

ತಡೆಯುತ್ತಿರುವುದು ಬಹುಶಃ ಉಬುಂಟುವಿನ ಕಾವಲುಗಾರ, ಆಪ್‌ಆರ್ಮರ್. ಮೈಎಸ್‌ಕ್ಯೂಎಲ್ ಯಾವ ಫೋಲ್ಡರ್ ಮುಟ್ಟಬಹುದು ಎಂಬ ಪಟ್ಟಿ ಅದರ ಹತ್ತಿರ ಇರುತ್ತದೆ. ನೀವು ಲಿಂಕ್ ಇಟ್ಟರೂ ಅದು ನೋಡುವುದು ಫೈಲ್ ನಿಜವಾಗಿ ಇರುವ ಜಾಗವನ್ನು. ಹೊಸ ಜಾಗ ಪಟ್ಟಿಯಲ್ಲಿಲ್ಲ, ಅದಕ್ಕೇ ಬಿಡುತ್ತಿಲ್ಲ. ಕರ್ನಲ್ ಲಾಗ್‌ನಲ್ಲಿ (ಉಬುಂಟುವಿನ ಒಳಗಿನ ದಾಖಲೆ) ಆಪ್‌ಆರ್ಮರ್ ಹೆಸರಿನ ಪಕ್ಕ 'ಡಿನೈಡ್' ಕಂಡರೆ ಖಾತ್ರಿ. ಅದರ ಟ್ಯೂನಬಲ್ಸ್ ಫೋಲ್ಡರಿನಲ್ಲಿ ಏಲಿಯಸ್ ಎಂಬ ಫೈಲ್ ಇದೆ. ಅದರಲ್ಲಿ alias ಎಂಬ ಪದ, ಹಳೆಯ ದಾರಿ, ಬಾಣದ ಗುರುತು (->), ಹೊಸ ದಾರಿ ಎಂದು ಒಂದು ಸಾಲು ಬರೆಯಿರಿ. ಎರಡೂ ದಾರಿಗಳ ಕೊನೆಗೆ ಓರೆಗೆರೆ, ಸಾಲಿನ ಕೊನೆಗೆ ಅಲ್ಪವಿರಾಮ ಬೇಕೇ ಬೇಕು. ಆ ಅಲ್ಪವಿರಾಮ ಬಿಟ್ಟರೆ ಸಾಲು ನಡೆಯುವುದಿಲ್ಲ. ಆಮೇಲೆ ಆಪ್‌ಆರ್ಮರ್ ರೀಲೋಡ್ ಮಾಡಿ, ಮೈಎಸ್‌ಕ್ಯೂಎಲ್ ಶುರು ಮಾಡಿ.

ಇನ್ನೊಂದು ಮಾತು, ನನಗೆ ಇದೇ ಜಾಸ್ತಿ ಮುಖ್ಯ. ಹೊಸ ಡಿಸ್ಕನ್ನು ಫೈಲ್ ಮ್ಯಾನೇಜರಿನಲ್ಲಿ ಸುಮ್ನೆ ಕ್ಲಿಕ್ ಮಾಡಿ ತೆರೆದಿದ್ದೀರಾ? ನಾಪೋಕ್ಲು ಹತ್ತಿರ ನಮ್ಮ ತೋಟದ ಲೆಕ್ಕಕ್ಕೆ ನಾನು ಹಾಗೇ ಮಾಡಿದ್ದೆ. ಆಷಾಢದ ಮಳೆ, ರಾತ್ರಿ ಕರೆಂಟ್ ಹೋಯಿತು. ಬೆಳಗ್ಗೆ ಕಂಪ್ಯೂಟರ್ ಎದ್ದಿತು, ಡಿಸ್ಕ್ ಮೌಂಟ್ ಆಗಿರಲಿಲ್ಲ, ಅಂದರೆ ಕಂಪ್ಯೂಟರಿಗೆ ಜೋಡಣೆಯಾಗಿರಲಿಲ್ಲ. ಲಿಂಕ್ ತೋರಿಸುವ ಜಾಗದಲ್ಲಿ ಏನೂ ಇಲ್ಲ. ಮೂರು ವರ್ಷದ ಆಳುಗಳ ಬಟವಾಡೆ ಲೆಕ್ಕ ಹೋಯಿತೆಂದೇ ಕೈಕಾಲು ತಣ್ಣಗಾಯಿತು. ಡಿಸ್ಕ್ ಮೌಂಟ್ ಮಾಡಿದ ಮೇಲೆ ಎಲ್ಲ ಹಾಗೇ ಇತ್ತು.

ಅದಕ್ಕೇ ಡಿಸ್ಕ್ ಇಎಕ್ಸ್‌ಟಿ4 (ಲಿನಕ್ಸಿನ ಫೈಲ್ ವ್ಯವಸ್ಥೆ) ಆಗಿಲ್ಲದಿದ್ದರೆ ಹಾಗೆ ಫಾರ್ಮ್ಯಾಟ್ ಮಾಡಿ (ಅದರಲ್ಲಿದ್ದುದೆಲ್ಲ ಅಳಿಯುತ್ತದೆ, ಮತ್ತೆ ಕಾಪಿ ಮಾಡಬೇಕು), ಏಳುವಾಗ ಯಾವ ಡಿಸ್ಕ್ ಜೋಡಿಸಬೇಕೆಂಬ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಯುಯುಐಡಿ (ಡಿಸ್ಕಿನ ಗುರುತಿನ ಸಂಖ್ಯೆ) ಹಾಕಿ ಸಾಲು ಬರೆಯಿರಿ. ಆಗ ಕಂಪ್ಯೂಟರ್ ಏಳುವಾಗಲೇ ಡಿಸ್ಕ್ ಸಿದ್ಧವಿರುತ್ತದೆ. ಒಂದೊಂದೇ ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಡೇಟಾ ಇಡುವ ಮಾಮೂಲಿ ಬಗೆ) ಟೇಬಲಿಗೆ ಬೇರೆ ಬೇರೆ ಲಿಂಕ್ ಹಾಕಲು ಹೋಗಬೇಡಿ, ಮೈಎಸ್‌ಕ್ಯೂಎಲ್ ಅದನ್ನು ಒಪ್ಪುವುದಿಲ್ಲ. ಹೆಸರು ಬದಲಿಸಿಟ್ಟ ಹಳೆಯ ಫೋಲ್ಡರ್ ಈಗಲೇ ಅಳಿಸಬೇಡಿ. ಒಂದು ವಾರದ ತೂಕದ ಚೀಟಿಗಳನ್ನು ಕಂಪ್ಯೂಟರಿನ ಲೆಕ್ಕದ ಜೊತೆ ತಾಳೆ ನೋಡಿ, ಮೆಷಿನನ್ನು ಒಮ್ಮೆ ಆರಿಸಿ ಹಚ್ಚಿ, ಆಮೇಲೆ ತೆಗೆಯಿರಿ.